ಕಾಡಿಗೆಯ ಕಂಬಳಿ

ಮರಗಳು ಬೆಳೆಯಲಾರದಷ್ಟು ಎತ್ತರದಲ್ಲಿ, ನದಿಯ ದಂಡೆಯ ಮೇಲೆ ಆಶ್ರಮವೊಂದಿತ್ತು. ಕಲ್ಲಿನ ಕೆಲವು ಕೋಣೆಗಳು, ಒಂದು ಅಂಗಳ, ಚಮರೀಮೃಗಗಳ ಒಂದು ಹಿಂಡು.

ಆಶ್ರಮದ ಹಿರಿಯಳನ್ನು ಎಲ್ಲರೂ ಮಾಯಿ ಎಂದು ಕರೆಯುತ್ತಿದ್ದರು. ಅವರು ಕಡಿಮೆ ಮಾತಿನವರು. ಅವರು ಪಾಠ ಹೇಳಲು ಕುಳಿತದ್ದನ್ನು ಯಾರೂ ನೋಡಿರಲಿಲ್ಲ.

ಅಲ್ಲಿ ಕಾವಿ ಕೊಡುವ ಪದ್ಧತಿ ಇರಲಿಲ್ಲ. ಬಂದ ಶಿಷ್ಯನಿಗೆ ಹಿಂಡಿನ ಒಂದು ಹಸುವನ್ನು ತೋರಿಸುತ್ತಿದ್ದರು. ಅಂದಿನಿಂದ ಅದರ ಚಾಕರಿ ಅವನದು.

ಚಮರಿಗೆ ಎರಡು ಬಗೆಯ ಕೂದಲು. ಹೊರಗಿನದು ಉದ್ದ, ಒರಟು. ಅದರ ಅಡಿಯಲ್ಲಿ ಮೆತ್ತನೆಯ ತುಪ್ಪಳ. ಶರತ್ಕಾಲದಲ್ಲಿ ಚಳಿ ಏರಿದಂತೆ ತುಪ್ಪಳ ದಟ್ಟವಾಗುತ್ತದೆ, ಬೇಸಿಗೆ ಹತ್ತಿರವಾದಾಗ ತಾನಾಗಿ ಸಡಿಲಗೊಂಡು ಉದುರುತ್ತದೆ. ಅದನ್ನು ಕತ್ತರಿಸುವಂತಿಲ್ಲ, ಬಾಚುವಂತಿಲ್ಲ. ಅಂಗೈ ಆಡಿಸಿದಾಗ ಕೈಗೆ ಬಂದಷ್ಟು ಮಾತ್ರ ಶಿಷ್ಯನ ಪಾಲು.

ಒಂದು ವರ್ಷದ ಉದುರಿನಿಂದ ಒಂದು ಗೇಣು ಕಂಬಳಿ ಆಗುತ್ತಿತ್ತು. ಮೈ ಮುಚ್ಚುವಷ್ಟು ಆದ ದಿನ ಮಾಯಿ ಅದನ್ನು ಅವನ ಹೆಗಲಿಗೆ ಹೊದಿಸಿ ಹೊಸ ಹೆಸರು ಕೊಡುತ್ತಿದ್ದರು. ಅದೇ ದೀಕ್ಷೆ.

ನಡುವೆ ಹಸು ಸತ್ತರೆ, ನೇಯ್ದಷ್ಟನ್ನೂ ಅದರ ಜೊತೆ ಮಣ್ಣು ಮಾಡಬೇಕು. ಆಮೇಲೆ ಇನ್ನೊಂದು ಹಸು, ಮತ್ತೆ ಮೊದಲ ಗೇಣು.

ಪುಂಡಲೀಕ ಬಯಲುಸೀಮೆಯಿಂದ ಬಂದವನು, ಬಿಸಿಲಿನಲ್ಲಿ ಬೆಳೆದವನು. ಅವನಿಗೆ ಸಿಕ್ಕ ಹಸುವಿನ ಹೆಸರು ಕಾಡಿಗೆ. ಕೊಂಬಿನ ತುದಿಯಿಂದ ಬಾಲದ ಕುಚ್ಚಿನವರೆಗೆ ಕಪ್ಪು. ಹೊಟ್ಟೆಯ ಕೂದಲು ಲಂಗದ ಹಾಗೆ ಇಳಿಬಿದ್ದು ನೆಲ ಸವರುತ್ತಿತ್ತು.

ಇದು ಅಂಬಾ ಅನ್ನುವುದೇ ಇಲ್ಲವಲ್ಲ ಎಂದು ಅವನು ಮೊದಲ ದಿನ ಕೇದಾರಿಯನ್ನು ಕೇಳಿದ. ಕೇದಾರಿ ಹಿರಿಯ ಶಿಷ್ಯ. ಎಲ್ಲರ ಕಂಬಳಿಯನ್ನೂ ನೇಯುತ್ತಿದ್ದವನು ಅವನೇ.

"ಚಮರಿ ಅಂಬಾ ಅನ್ನುವುದಿಲ್ಲ ತಮ್ಮಾ, ಗುರುಗುಟ್ಟುತ್ತದೆ" ಎಂದ ಕೇದಾರಿ. "ಮಾಯಿಯೂ ಹಾಗೆಯೇ. ರೂಢಿ ಮಾಡಿಕೊ."

ಮೊದಲ ಹಿಮ ಬಿದ್ದ ಬೆಳಿಗ್ಗೆ ಪುಂಡಲೀಕ ಪೊರಕೆ ಹಿಡಿದುಕೊಂಡು ಓಡಿದ. ಕಾಡಿಗೆ ಅಂಗಳದಾಚೆ ಬಯಲಿನಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಅದರ ಬೆನ್ನು ಪೂರ್ತಿ ಬೆಳ್ಳಗಾಗಿತ್ತು. ಅವನು ಗುಡಿಸತೊಡಗಿದ.

ಮಾಯಿ ಬಂದು ಹಿಂದೆ ನಿಂತರು.

"ಏನು ಮಾಡುತ್ತಿದ್ದೀಯ?"

"ಹಿಮ ತೆಗೆಯುತ್ತಿದ್ದೇನೆ ಮಾಯಿ. ಪಾಪ, ರಾತ್ರಿಯೆಲ್ಲ ಬೆನ್ನ ಮೇಲೆ ಕೂತಿದೆ."

"ಕರಗಿದೆಯೇ?"

ಅವನು ಬಗ್ಗಿ ನೋಡಿದ. ಹಿಮ ಬಿದ್ದ ಹಾಗೆಯೇ ಹುಡಿಹುಡಿಯಾಗಿತ್ತು.

"ಇಲ್ಲ."

"ಅವಳ ಮೈಯ ಬಿಸಿ ಅವಳ ಮೈಯೊಳಗೇ ಇದೆ" ಎಂದರು ಮಾಯಿ. "ಕರಗಿದ ದಿನ ಬಂದು ಹೇಳು."

ಅವನ ಕೈಯಿಂದ ಪೊರಕೆ ತೆಗೆದುಕೊಂಡು ಅಂಗಳ ಗುಡಿಸಲು ಹೋದರು.

ಮಾಯಿ ಹೊದೆಯುತ್ತಿದ್ದುದು ಒಂದು ಹಳೆಯ ಹತ್ತಿಯ ಶಾಲು. ಇಷ್ಟೆಲ್ಲ ಜನರಿಗೆ ಕಂಬಳಿ ಹೊದಿಸಿದವರಿಗೆ ಕಂಬಳಿ ಇಲ್ಲದ್ದು ಪುಂಡಲೀಕನಿಗೆ ಸೋಜಿಗ. ಕೇದಾರಿಯನ್ನು ಕೇಳಿದಾಗ ಅವನು, ಮಾಯಿಯ ಹತ್ತಿರ ನಿಲ್ಲುವ ಧೈರ್ಯ ಯಾವ ಹಸುವಿಗೂ ಬರಲಿಲ್ಲವಂತೆ ಎಂದು ನಕ್ಕ.

ಪುಂಡಲೀಕ ನೇರವಾಗಿ ಮಾಯಿಯನ್ನೇ ಕೇಳಿದ.

"ಮಾಯಿ, ನಿಮಗೆ ಕಂಬಳಿ ಇಲ್ಲವೇ?"

"ಇದೆ."

"ಹೊದ್ದುಕೊಂಡದ್ದನ್ನು ನೋಡಿಲ್ಲವಲ್ಲ."

"ಒಲೆಯ ಮೇಲೆ ಹಾಲಿಟ್ಟಿದ್ದೀಯ" ಎಂದರು ಮಾಯಿ. "ಉಕ್ಕುತ್ತಿದೆ."

ವರ್ಷಗಳು ಹೋದವು. ಪುಂಡಲೀಕ ಹಿಂಡಿನ ರೀತಿಗಳನ್ನು ಒಂದೊಂದಾಗಿ ಕಂಡುಕೊಂಡ.

ಹಿಮ ಬಿದ್ದಾಗ ಚಮರಿಗಳು ಮರೆಯಾದ ತಗ್ಗುಗಳಿಗೆ ಇಳಿಯುವುದಿಲ್ಲ, ಗಾಳಿ ಹೊಡೆಯುವ ದಿಣ್ಣೆಗೆ ಹತ್ತುತ್ತವೆ. ಇವಕ್ಕೆ ಬುದ್ಧಿ ಇಲ್ಲ ಎಂದುಕೊಂಡಿದ್ದ. ಒಂದು ದಿನ ಹಿಂದೆಯೇ ಹತ್ತಿ ನೋಡಿದ. ಗಾಳಿ ಹಿಮವನ್ನು ಗುಡಿಸಿಹಾಕಿತ್ತು. ಅಲ್ಲಿ ಮಾತ್ರ ಒಣ ಹುಲ್ಲು ತಲೆ ಎತ್ತಿತ್ತು.

ಹಿಮ ಆಳವಾಗಿದ್ದ ಕಡೆ ಅವು ಸಾಲಾಗಿ ನಡೆಯುತ್ತಿದ್ದವು. ಮುಂದಿನದು ಎದೆಯಿಂದ ಹಿಮ ಸೀಳಿದರೆ ಹಿಂದಿನವು ಅದರ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತಿದ್ದವು. ಮುಂದಿನದು ಯಾವಾಗಲೂ ಕಾಡಿಗೆ.

ಚಳಿಗಾಲದಲ್ಲಿ ಅವು ಬಡವಾಗುತ್ತಿದ್ದವು. ಬೇಸಿಗೆಯಲ್ಲಿ ಮತ್ತೆ ತುಂಬಿಕೊಳ್ಳುತ್ತಿದ್ದವು. ಅದರ ಬಗ್ಗೆ ಯಾವುದೂ ಗಾಬರಿಪಟ್ಟಂತೆ ಕಾಣುತ್ತಿರಲಿಲ್ಲ. ಒಂದು ವರ್ಷ ಕರು, ಮರುವರ್ಷ ಬಿಡುವು. ಕರು ಚಿಕ್ಕದಿದ್ದಾಗ ತೋಳ ಬಂದರೂ ಎದುರು ನಿಲ್ಲುವ ತಾಯಿ, ಮುಂದಿನ ಕರು ಬಂದ ಮೇಲೆ ಹಿಂದಿನದನ್ನು ತಿರುಗಿ ನೋಡುತ್ತಿರಲಿಲ್ಲ.

ಕಂಬಳಿಯೂ ಗೇಣುಗೇಣಾಗಿ ಬೆಳೆಯಿತು. ಪುಂಡಲೀಕ ಆಗಾಗ ಅದನ್ನು ಬಿಡಿಸಿ ಮೈಗೆ ಹಿಡಿದು ನೋಡುತ್ತಿದ್ದ. ಹೆಗಲಿನಿಂದ ಮೊಣಕಾಲಿಗೆ ಬಂತು. ಇನ್ನೊಂದು ಗೇಣು ಬಾಕಿ ಉಳಿಯಿತು.

ಆ ಹೊತ್ತಿಗೆ ಕಾಡಿಗೆ ಮುದಿಯಾಗಿತ್ತು. ಹಲ್ಲು ಸವೆದಿತ್ತು. ಕೊಂಬಿನ ಬುಡದಲ್ಲಿ ಉಂಗುರದ ಮೇಲೆ ಉಂಗುರ ಕೂತಿತ್ತು. ಹಾಗಿದ್ದೂ ಆ ವರ್ಷ ಅದು ಗಬ್ಬವಾಯಿತು.

ಕೇದಾರಿ ಅದರ ಹೊಟ್ಟೆಯನ್ನು ನೋಡಿ ತಲೆಯಾಡಿಸಿದ. ಮುದಿ ಮೈ, ಒಳಗೊಂದು ಕರು, ಮುಂದೆ ಚಳಿಗಾಲ. ಇದು ವಸಂತ ಕಾಣುವುದು ಕಷ್ಟ, ಇನ್ನೊಂದು ಹಸುವಿನ ಮೇಲೆ ಈಗಲೇ ಕಣ್ಣಿಟ್ಟಿರು ಎಂದು ತಮಾಷೆಯಾಗಿಯೇ ಹೇಳಿದ. ಪುಂಡಲೀಕನಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ.

ಕಾಡಿಗೆ ಸತ್ತರೆ ಇಷ್ಟು ವರ್ಷದ ಕಂಬಳಿ ಮಣ್ಣಿಗೆ ಹೋಗುತ್ತದೆ.

ಶರತ್ಕಾಲದಲ್ಲಿ ಮಾಯಿ ಪ್ರತಿ ವರ್ಷ ನದಿಯಾಚೆಯ ಗವಿಗೆ ಹೋಗುತ್ತಿದ್ದರು. ನದಿ ಗಟ್ಟಿಯಾಗಿ ಹೆಪ್ಪುಗಟ್ಟಿ ಮೇಲೆ ನಡೆಯುವಂತಾದಾಗ ಮರಳುತ್ತಿದ್ದರು. ಅಲ್ಲಿಯವರೆಗೆ ಮೌನ. ಆ ವರ್ಷವೂ ಹೋದರು.

ಅವರು ಹೋದ ಮೇಲೆ ಪುಂಡಲೀಕ ಉಗ್ರಾಣದ ಪಕ್ಕದ ಖಾಲಿ ಕೋಣೆಯನ್ನು ತೆರವು ಮಾಡಿದ. ಕಲ್ಲಿನ ಸಂದುಗಳಿಗೆ ಮಣ್ಣು ಮೆತ್ತಿದ. ಕಾಡಿಗೆಯನ್ನು ಒಳಗೆ ಕಟ್ಟಿದ. ಮೂಲೆಯಲ್ಲಿ ಬೆರಣಿಯ ಬೆಂಕಿ ಹಾಕಿದ. ತನ್ನ ಪಾಲಿನ ಬಾರ್ಲಿ ಹಿಟ್ಟನ್ನು ಅದಕ್ಕೆ ಕಲಸಿ ಇಟ್ಟ. ಹಿಮಗಾಳಿಯ ದಿನಗಳಿಗೆಂದು ಕೂಡಿಟ್ಟಿದ್ದ ಹುಲ್ಲನ್ನೂ ತಂದು ಹಾಕಿದ.

ಕೇದಾರಿ ಬಾಗಿಲಲ್ಲಿ ನಿಂತು ನೋಡಿದ.

"ಬಾಣಂತಿ ಕೋಣೆ ಚೆನ್ನಾಗಿದೆ ತಮ್ಮಾ. ತೊಟ್ಟಿಲು ಯಾವಾಗ ಕಟ್ಟುತ್ತೀಯ?"

"ನಗಬೇಡ ಅಣ್ಣಾ. ಮುದಿ ಜೀವ. ಚಳಿ ತಡೆಯಲಾರದು."

"ಅದು ನಿನಗೆ ಹೇಳಿತೇ?"

ಪುಂಡಲೀಕ ಬೆಂಕಿಗೆ ಇನ್ನೊಂದು ಬೆರಣಿ ಹಾಕಿದ. ಕೇದಾರಿ ಮಾತು ಬೆಳೆಸಲಿಲ್ಲ. ಹಸು ಅವನದು, ಚಾಕರಿಯೂ ಅವನದು. ಇನ್ನೊಬ್ಬರ ಹಸುವಿನ ವಿಷಯದಲ್ಲಿ ಕೈಹಾಕುವುದು ಅಲ್ಲಿನ ರೂಢಿಯಾಗಿರಲಿಲ್ಲ.

ಹೊರಗೆ ಚಳಿ ಬಲಿಯಿತು. ಕೋಣೆಯಲ್ಲಿ ಮಾತ್ರ ಬಯಲುಸೀಮೆಯ ಚೈತ್ರ. ಪುಂಡಲೀಕನಿಗೆ ಊರಿನ ಹವೆ ನೆನಪಾಗಿ ಹಿತವಾಯಿತು. ಅವನೂ ಅಲ್ಲಿಯೇ ಮಲಗತೊಡಗಿದ.

ಒಂದು ಬೆಳಿಗ್ಗೆ ಅವನು ಕಾಡಿಗೆಯ ಬೆನ್ನು ಸವರಿದ. ಕೈಗೆ ತುಪ್ಪಳ ಬಂತು.

ಅವನು ನಂಬಲಿಲ್ಲ. ಇನ್ನೊಮ್ಮೆ ಸವರಿದ. ಮತ್ತೆ ಬಂತು. ಎಳೆಯಲಿಲ್ಲ, ಬಾಚಲಿಲ್ಲ. ಬೇಸಿಗೆಯಲ್ಲಿ ಬರುವ ಹಾಗೆ ಹಗುರವಾಗಿ, ತಾನಾಗಿ ಬಂತು.

ಅವನು ಒಂದು ಚೀಲ ತಂದ. ದಿನವೂ ಸವರಿದ. ಚೀಲ ತುಂಬಿತು. ಒಂದು ಗೇಣಿಗೆ ಬೇಕಾದಷ್ಟು, ಅದಕ್ಕಿಂತ ಹೆಚ್ಚೇ ಆಯಿತು.

ನದಿ ಹೆಪ್ಪುಗಟ್ಟಿತು. ಮಾಯಿ ಕೋಲೂರಿಕೊಂಡು ಮಂಜುಗಡ್ಡೆಯ ಮೇಲೆ ನಡೆದು ಬಂದರು. ಅಂಗಳಕ್ಕೆ ಬಂದವರು ಮೊದಲು ಹಿಂಡಿನ ಕಡೆ ನೋಡಿದರು.

"ಕಾಡಿಗೆ ಎಲ್ಲಿ?"

ಪುಂಡಲೀಕ ಅದಕ್ಕೇ ಕಾದಿದ್ದ. ಕೋಣೆಯನ್ನು ತೋರಿಸಿದ, ಬೆಂಕಿಯ ವಿಷಯ ಹೇಳಿದ, ಹಸು ಬದುಕಿದೆ ಎಂದ. ಆಮೇಲೆ ಚೀಲ ತಂದು ಅವರ ಮುಂದಿಟ್ಟ.

ಮಾಯಿ ಒಂದು ಚಿಟಿಕೆ ತುಪ್ಪಳ ತೆಗೆದು ಮೂಗಿಗೆ ಹಿಡಿದರು.

"ಹೊಗೆ ವಾಸನೆ" ಎಂದರು. "ಕತ್ತರಿಸಿದೆಯಾ?"

"ಇಲ್ಲ ಮಾಯಿ."

"ಬಾಚಿದೆಯಾ?"

"ಇಲ್ಲ. ಕೈಯಾಡಿಸಿದೆ, ಬಂತು."

"ಬೆಂಕಿ ಯಾರಿಗೆ ಹಾಕಿದೆ?"

"ಕಾಡಿಗೆಗೆ."

"ಅವಳು ಬೆಂಕಿಯ ಹತ್ತಿರ ಬಂದು ಮಲಗಿದಳೇ?"

ಕಾಡಿಗೆ ಒಂದು ದಿನವೂ ಬೆಂಕಿಯ ಹತ್ತಿರ ಬಂದಿರಲಿಲ್ಲ. ಹಗ್ಗ ಎಳೆದುಕೊಂಡು ಆಚೆ ಗೋಡೆಗೆ ಒತ್ತಿ ನಿಂತು, ಬಾಗಿಲಿನ ಬಿರುಕಿಗೆ ಮೂಗು ಇಡುತ್ತಿತ್ತು. ಇತ್ತೀಚೆಗೆ ನಾಲಗೆ ಚಾಚಿ ಏದುಸಿರು ಬಿಡುತ್ತಿತ್ತು. ಹಿಟ್ಟನ್ನೂ ಮುಟ್ಟುತ್ತಿರಲಿಲ್ಲ. ಮುದಿತನ ಎಂದುಕೊಂಡಿದ್ದ.

ಮಾಯಿ ಚಿಟಿಕೆಯನ್ನು ಚೀಲಕ್ಕೆ ಮರಳಿ ಹಾಕಿದರು.

"ನಿಯಮಕ್ಕೆ ತಪ್ಪಿಲ್ಲ. ಕೇದಾರಿಗೆ ಕೊಡು, ನೇಯಲಿ. ಮುಗಿದ ದಿನವೇ ದೀಕ್ಷೆ."

ಪುಂಡಲೀಕನ ಎದೆ ಹಗುರಾಯಿತು. ಪೂರ್ತಿ ಅಲ್ಲ.

ಕೇದಾರಿ ನೇಯ್ದು ಮುಗಿಸಿದ. ಕಂಬಳಿಯ ಕೊನೆಯ ಗೇಣು ಉಳಿದದ್ದಕ್ಕಿಂತ ತುಸು ಮಾಸಲಾಗಿತ್ತು.

ಆ ಆಶ್ರಮದ ದೀಕ್ಷೆಯಲ್ಲಿ ಒಂದು ಕ್ರಮವಿತ್ತು. ಶಿಷ್ಯನಿಗೆ ಹೊದಿಸುವ ಮುನ್ನ ಕಂಬಳಿಯನ್ನು ಹಸುವಿಗೆ ಮೂಸಿಸಬೇಕು. ಹಸು ಮೂಸಿ ಮುಖ ತಿರುಗಿಸಿ ಮೇಯಲು ಹೋಗುತ್ತದೆ. ಅದು ತನಗೆ ಬೇಡ ಎಂದ ಮೇಲೆ ಶಿಷ್ಯನದು. ಪ್ರತಿ ಸಲವೂ ಇದು ನಡೆಯುತ್ತಿದ್ದುದು ಬೇಸಿಗೆಯಲ್ಲಿ, ಹುಲ್ಲಿನ ಮೇಲೆ. ಹಸುಗಳು ಕಂಬಳಿಯನ್ನು ಸರಿಯಾಗಿ ಮೂಸುತ್ತಲೂ ಇರಲಿಲ್ಲ.

ಈ ಸಲ ಅಂಗಳದಲ್ಲಿ ಹಿಮ ಬೀಳುತ್ತಿತ್ತು.

ಎಲ್ಲರೂ ಸೇರಿದರು. ಹಿಂಡು ಅಂಗಳದ ಅಂಚಿನಲ್ಲಿ ನಿಂತಿತ್ತು. ಪುಂಡಲೀಕ ಸ್ನಾನ ಮಾಡಿ ಬಂದಿದ್ದ. ಮಾಯಿ ಕಂಬಳಿಯನ್ನು ತೋಳಿನ ಮೇಲೆ ಹಾಕಿಕೊಂಡು ನಿಂತರು.

"ಹಸುವನ್ನು ತಾ."

ಅವನು ಕೋಣೆಯ ಬಾಗಿಲು ತೆರೆದು ಕಾಡಿಗೆಯನ್ನು ಹೊರಗೆ ತಂದ. ಅದು ಹೊಸ್ತಿಲು ದಾಟಿದೊಡನೆ ಗಾಳಿಯತ್ತ ಮುಖ ಎತ್ತಿತು. ಬೇಗ ಬೇಗ ನಡೆದು ಅಂಗಳದ ನಡುವೆ ಬಂದು ನಿಂತಿತು.

ಆಮೇಲೆ ನಡುಗತೊಡಗಿತು.

ಮೊದಲು ಭುಜದ ಚರ್ಮ ಅದುರಿತು, ಆಮೇಲೆ ತೊಡೆ, ಆಮೇಲೆ ಇಡೀ ಮೈ. ಹೊಟ್ಟೆಯ ಉದ್ದ ಕೂದಲು ಅಲುಗಾಡುವುದು ದೂರಕ್ಕೂ ಕಾಣುತ್ತಿತ್ತು. ಚಳಿಗೆ ನಡುಗುವ ಚಮರಿಯನ್ನು ಆ ಅಂಗಳದಲ್ಲಿ ಯಾರೂ ನೋಡಿರಲಿಲ್ಲ.

ಮಾಯಿ ಕಂಬಳಿಯನ್ನು ಅದರ ಮೂಗಿನ ಹತ್ತಿರ ಹಿಡಿದರು. ಕಾಡಿಗೆ ಮೂಸಿತು. ಮುಖ ತಿರುಗಿಸಲಿಲ್ಲ. ಮೂಗನ್ನು ಕಂಬಳಿಯ ಮಡಿಕೆಯೊಳಗೆ ತೂರಿಸಿ ಹಾಗೆಯೇ ನಿಂತಿತು.

ಮಾಯಿ ಕಾದರು.

ಪುಂಡಲೀಕ ಹಿಂಡಿನ ಕಡೆ ನೋಡಿದ. ಉಳಿದ ಹಸುಗಳ ಬೆನ್ನಿನ ಮೇಲೆ ಹಿಮ ಬಿದ್ದ ಹಾಗೆಯೇ ಕೂತಿತ್ತು. ಅವನು ಕಾಡಿಗೆಯ ಬೆನ್ನನ್ನು ನೋಡಿದ. ಅಲ್ಲಿ ಹಿಮ ಬಿದ್ದೊಡನೆ ಕರಗುತ್ತಿತ್ತು. ನೀರು ಕೂದಲುಗುಂಟ ಇಳಿದು ತುದಿಯಲ್ಲಿ ಮಣಿಗಟ್ಟುತ್ತಿತ್ತು.

"ಮಾಯಿ" ಎಂದ ಪುಂಡಲೀಕ. "ಕರಗುತ್ತಿದೆ."

"ಹೌದು."

"ಕೋಣೆಯೊಳಗೆ ಕಟ್ಟಿದರೆ?"

"ಅಲ್ಲಿ ತಿನ್ನುವುದಿಲ್ಲ. ಹುಲ್ಲೂ ಮುಗಿದಿದೆ." ಮಾಯಿ ದಿಣ್ಣೆಯ ಕಡೆ ಕಣ್ಣು ಹಾಯಿಸಿದರು. "ಅವಳ ಅನ್ನ ಅಲ್ಲಿದೆ. ನಿನ್ನ ಕಂಬಳಿ ಇಲ್ಲಿದೆ. ಹೇಳು, ಹೊದಿಸಲೇ?"

ಪುಂಡಲೀಕನ ತಲೆಯ ಮೇಲೂ ಹಿಮ ಬಿದ್ದು ಕರಗುತ್ತಿತ್ತು.

ಆಮೇಲೆ ಮಾಯಿಯ ತೋಳಿನಿಂದ ಕಂಬಳಿ ತೆಗೆದುಕೊಂಡ. ಬಿಡಿಸಿದ. ಕಾಡಿಗೆಯ ಬೆನ್ನಿಗೆ ಹಾಸಿದ. ಮನುಷ್ಯನ ಅಳತೆಯದು, ಭುಜದಿಂದ ಸೊಂಟದವರೆಗೆ ಮಾತ್ರ ಬಂತು. ಹೊಟ್ಟೆಯ ಕೆಳಗೆ ಹಗ್ಗ ಹಾಯಿಸಿ ಬಿಗಿದ. ಬೆರಳು ಮರಗಟ್ಟಿ ಗಂಟು ಎರಡು ಸಲ ಜಾರಿತು.

ಕೇದಾರಿ ಹತ್ತಿರ ಬಂದ.

"ಹಾಗಾದರೆ ದೀಕ್ಷೆ ಹಸುವಿಗಾಯಿತು ಅನ್ನಿ."

"ಆಯಿತು" ಎಂದರು ಮಾಯಿ. "ಹೆಸರು ಬದಲಿಸುವುದು ಬೇಡ. ಕಾಡಿಗೆ ಚೆನ್ನಾಗಿದೆ."

ಯಾರೋ ನಕ್ಕರು. ಪುಂಡಲೀಕ ನಗಲಿಲ್ಲ. ಇನ್ನು ತಾನೇನು ಮಾಡಬೇಕು ಎಂದು ಕೇಳಿದ.

"ಹೊದಿಸಿದ್ದೀಯಲ್ಲ. ಜಾರದ ಹಾಗೆ ನೋಡಿಕೊ."

ಆ ಚಳಿಗಾಲ ಪುಂಡಲೀಕ ಹಿಂಡಿನ ಜೊತೆ ದಿಣ್ಣೆ ಹತ್ತಿದ. ಕಾಡಿಗೆ ಈಗ ಸಾಲಿನ ಮುಂದೆ ಇರಲಿಲ್ಲ. ಅದರ ಮಗಳೊಂದು ಹಿಮ ಸೀಳುತ್ತಿತ್ತು. ಕಾಡಿಗೆ ಕೊನೆಯಲ್ಲಿ, ಅದರ ಹಿಂದೆ ಪುಂಡಲೀಕ.

ಕಂಬಳಿ ದಿನವೂ ಜಾರುತ್ತಿತ್ತು. ಅವನು ದಿನವೂ ಸರಿಮಾಡುತ್ತಿದ್ದ. ಬಂಡೆಗೆ ಉಜ್ಜಿ ಅಂಚು ಹರಿಯಿತು. ಹಗ್ಗದ ಹತ್ತಿರ ತೂತು ಬಿತ್ತು. ಮೊದಮೊದಲು ಅವನು ಸೂಜಿ ತಂದು ಹೊಲಿಯುತ್ತಿದ್ದ. ತನ್ನ ಕಂಬಳಿ ಹಾಳಾಗುತ್ತಿದೆ ಎಂಬ ಸಂಕಟ ಇತ್ತು. ಆಮೇಲೆ ಕಂಬಳಿ ಮುಚ್ಚದ ಕಡೆಗಳ ಮೇಲೆಯೇ ಕಣ್ಣು ಹೋಗತೊಡಗಿತು. ಸೊಂಟ, ಪಕ್ಕೆಯ ಕೆಳಭಾಗ. ಅಲ್ಲಿಗೆ ತನ್ನ ಹಳೆಯ ಅಂಗಿ ಕಟ್ಟಿದ.

ಹಿಮಗಾಳಿ ಎದ್ದ ದಿನ ಹಿಂಡು ಒತ್ತಾಗಿ ನಿಲ್ಲುತ್ತಿತ್ತು. ಕರುಗಳು ನಡುವೆ, ದೊಡ್ಡವು ಸುತ್ತ. ಒಂದು ಸಲ ಅಂಥ ಗಾಳಿಯಲ್ಲಿ ಪುಂಡಲೀಕನಿಗೆ ಕೆಳಗಿಳಿಯಲು ಆಗಲಿಲ್ಲ. ಹಿಂಡು ಕಾಡಿಗೆಯನ್ನು ಕರುಗಳ ಜೊತೆ ನಡುವೆ ಬಿಟ್ಟುಕೊಂಡಿತ್ತು. ಅವನೂ ಅಲ್ಲಿಯೇ ಕುಕ್ಕರಿಸಿದ. ಯಾವುದೂ ಅವನನ್ನು ತಡೆಯಲಿಲ್ಲ, ಬಾ ಎನ್ನಲೂ ಇಲ್ಲ. ಸುತ್ತ ಗುರುಗುಟ್ಟುವ ಸದ್ದು, ಮೆಲುಕಿನ ಸದ್ದು. ಗಾಳಿ ನಿಂತ ಮೇಲೆ ಅವು ಎದ್ದು ಮೇಯಲು ಹೋದವು.

ಅವನು ಇಳಿದು ಬಂದು ಮಾಯಿಯ ಎದುರು ಕುಳಿತ.

"ಬೆಂಕಿ ಯಾರಿಗೆ ಹಾಕಿದೆ ಎಂದು ಕೇಳಿದ್ದಿರಿ" ಎಂದ. "ನನಗೆ ಹಾಕಿಕೊಂಡಿದ್ದೆ."

"ಅದು ನನಗೆ ಗೊತ್ತಿತ್ತು. ಕಾಡಿಗೆಗೂ ಗೊತ್ತಿತ್ತು" ಎಂದರು ಮಾಯಿ. "ಗಂಜಿ ಕುಡಿ. ಮತ್ತೆ ಮೋಡ ಕಟ್ಟುತ್ತಿದೆ."

ಚಳಿಗಾಲದ ಕೊನೆಯ ಹೊತ್ತಿಗೆ ಕಾಡಿಗೆಯ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು, ಹೊಟ್ಟೆ ಮಾತ್ರ ತುಂಬಿತ್ತು. ಒಂದು ದಿನ ಕಂಬಳಿ ಸರಿಮಾಡುವಾಗ ಪುಂಡಲೀಕನ ಬೆರಳು ಅಡಿಗೆ ಹೋಯಿತು. ಒರಟು ಕೂದಲಿನ ಬುಡದಲ್ಲಿ ಏನೋ ಮೆತ್ತಗೆ ತಾಗಿತು. ಹೊಸ ತುಪ್ಪಳ. ತೆಳ್ಳಗೆ, ಮಂಜಿನ ಪರೆಯಷ್ಟು. ಅಂದು ಹಿಮ ಬಿದ್ದಾಗ ಅವನು ಕಟ್ಟಿದ್ದ ಅಂಗಿ ಸರಿಸಿ ಸೊಂಟವನ್ನೇ ನೋಡುತ್ತ ನಿಂತ. ಹಿಮ ತುಸು ಹೊತ್ತು ಕೂತು, ಆಮೇಲೆ ಕರಗಿತು.

ಬಂದು ಮಾಯಿಗೆ ಹೇಳಿದ.

"ತಡವಾಗಿ ಕರಗಿತು."

ಮಾಯಿ ತಲೆಯಾಡಿಸಿದರು.

ನದಿಯ ಮಂಜುಗಡ್ಡೆ ಒಡೆಯಿತು. ಹುಲ್ಲು ಚಿಗುರುವ ಮೊದಲೇ, ಒಂದು ಬೆಳಿಗ್ಗೆ ಕಾಡಿಗೆ ಹಿಂಡನ್ನು ಬಿಟ್ಟು ಒಂಟಿಯಾಗಿ ಬಂಡೆಗಳ ಹಿಂದಕ್ಕೆ ಹೋಯಿತು. ಪುಂಡಲೀಕ ದೂರದಿಂದ ಹಿಂಬಾಲಿಸಿದ.

ಅದು ಒಂದು ಸಲ ಮಲಗಿತು, ಎದ್ದಿತು, ಮತ್ತೆ ಮಲಗಿತು. ಹಗ್ಗ ಸಡಿಲವಾಗಿ ಕಂಬಳಿ ಪಕ್ಕಕ್ಕೆ ಜಾರಿ ಕಲ್ಲುಗಳ ಮೇಲೆ ಬಿತ್ತು. ಕರು ಹಿಮದ ಮೇಲೆ ಬಿತ್ತು. ಒದ್ದೆ ಕಪ್ಪು ಮುದ್ದೆ.

ಪುಂಡಲೀಕನಿಗೆ ತಡೆಯಲಾಗಲಿಲ್ಲ. ಕಂಬಳಿ ಎತ್ತಿ ಕರುವಿಗೆ ಸುತ್ತಲು ಓಡಿದ.

ಕಾಡಿಗೆ ತಲೆ ತಗ್ಗಿಸಿ ಕೊಂಬು ಅವನ ಕಡೆ ತಿರುಗಿಸಿತು. ಕಾಲು ನಡುಗುತ್ತಿತ್ತು, ಕೊಂಬು ನಡುಗುತ್ತಿರಲಿಲ್ಲ. ಚಳಿಗಾಲವೆಲ್ಲ ಅವನ ಕೈಯನ್ನು ಮೈಮೇಲೆ ಬಿಟ್ಟುಕೊಂಡಿದ್ದ ಹಸು ಅದು.

ಅವನು ನಿಂತ. ಹಿಂದೆ ಸರಿದ. ಕಂಬಳಿಯನ್ನು ಇದ್ದಲ್ಲಿಯೇ ಬಿಟ್ಟು ಬಂಡೆಯ ಮರೆಗೆ ಹೋದ.

ಕಾಡಿಗೆ ಕರುವನ್ನು ನೆಕ್ಕಿತು. ಒರಟು ನಾಲಗೆಯಿಂದ, ಬಿಡದೆ, ಕೂದಲು ಗುಂಗುರಾಗಿ ಎದ್ದು ನಿಲ್ಲುವವರೆಗೆ. ಕರು ಮುಂಗಾಲು ಊರಿತು, ಬಿತ್ತು. ಹಿಂಗಾಲು ಎತ್ತಿತು, ಬಿತ್ತು. ಮೈಯ ನೀರು ಹೆಪ್ಪುಗಟ್ಟುವ ಮೊದಲು ಎದ್ದು ನಿಂತು ಕೆಚ್ಚಲು ಹುಡುಕಿತು. ಹೆಣ್ಣುಗರು.

ಕೆಚ್ಚಲಲ್ಲಿ ಹೆಚ್ಚು ಹಾಲಿರಲಿಲ್ಲ. ಇದ್ದಷ್ಟನ್ನು ಕಾಡಿಗೆ ಕೊಟ್ಟಿತು. ಬೇಸಿಗೆ ಹತ್ತಿರವಾಗುತ್ತ ಹುಲ್ಲು ಚಿಗುರಿತು, ಹಾಲೂ ಏರಿತು.

ಹಿಂಡಿನ ತುಪ್ಪಳ ಉದುರುವ ಕಾಲ ಬಂತು. ಶಿಷ್ಯರು ಚೀಲ ಹಿಡಿದುಕೊಂಡು ತಮ್ಮ ತಮ್ಮ ಹಸುಗಳ ಹತ್ತಿರ ಹೋದರು.

ಪುಂಡಲೀಕ ಬರಿಗೈಯಲ್ಲಿ ಮರಳಿದ. ಮಾಯಿ ನದಿಯ ದಂಡೆಯಲ್ಲಿ ಕಲ್ಲಿನ ಮೇಲೆ ಕುಳಿತಿದ್ದರು. ಹತ್ತಿರದಲ್ಲೇ ಕೇದಾರಿ ನೂಲು ತೊಳೆಯುತ್ತಿದ್ದ.

"ಕಾಡಿಗೆ ಉದುರಿಸಲಿಲ್ಲವೇ?" ಎಂದು ಮಾಯಿ ಕೇಳಿದರು.

"ಉದುರಿಸಿತು. ಒಂದು ಹಿಡಿ."

"ಕೈಯಾಡಿಸಲಿಲ್ಲವೇ?"

"ಆಡಿಸಿದೆ ಮಾಯಿ. ಅವಳಿಗೆ ತುರಿಕೆ ಇತ್ತು, ಬಂಡೆಗೆ ಉಜ್ಜಿಕೊಳ್ಳುತ್ತಿದ್ದಳು. ಗಾಳಿ ಇತ್ತು. ಹಾರಿಹೋಯಿತು."

ಕೇದಾರಿ ನೂಲು ಹಿಂಡುತ್ತ ತಲೆ ಎತ್ತಿದ. "ಮತ್ತೆ ಹಳೆಯ ಕಂಬಳಿ? ಬಂಡೆಯ ಹಿಂದೆ ಬಿಟ್ಟು ಬಂದೆಯಲ್ಲ, ಅದು?"

ಪುಂಡಲೀಕ ಹೇಳಿದ. ಮೊದಲು ಕರು ಅದರ ಮೇಲೆ ಮಲಗುತ್ತಿತ್ತು. ಆಮೇಲೆ ಹಳದಿ ಕೊಕ್ಕಿನ ಕರಿಹಕ್ಕಿಗಳು ಕಂಡುಕೊಂಡವು. ಗೂಡು ಕಟ್ಟುವ ಕಾಲ. ಎಳೆ ಎಳೆಯಾಗಿ ಕಿತ್ತು ಮೇಲಿನ ಬಂಡೆಯ ಬಿರುಕುಗಳಿಗೆ ಒಯ್ದವು. ನಿನ್ನೆ ನೋಡಿದಾಗ ಹಗ್ಗ ಮಾತ್ರ ಉಳಿದಿತ್ತು.

"ಓಡಿಸಬಾರದಿತ್ತೇ?"

"ಓಡಿಸಬೇಕು ಅನ್ನಿಸಲಿಲ್ಲ ಅಣ್ಣಾ. ನೋಡುತ್ತ ಕೂತೆ."

"ಹಾಗಾದರೆ ಮತ್ತೆ ಮೊದಲ ಗೇಣು" ಎಂದ ಕೇದಾರಿ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಪುಂಡಲೀಕ ತಲೆ ಎತ್ತಿ ನೋಡಿದ. ಎದುರಿನ ಇಳಿಜಾರಿನಲ್ಲಿ ಹಿಂಡು ಹರಡಿಕೊಂಡಿತ್ತು. ಕಾಡಿಗೆ ಮೆಲ್ಲಗೆ ಚಲಿಸುತ್ತಿತ್ತು, ಪಕ್ಕದಲ್ಲಿ ಕರು. ಸಂಜೆಯ ಗಾಳಿ ಎದ್ದು ಎಲ್ಲ ಹಸುಗಳ ಉದ್ದ ಕೂದಲನ್ನೂ ಒಂದೇ ಕಡೆಗೆ ಬಾಗಿಸಿತು.

ಗಾಳಿಗೆ ಮಾಯಿ ಹತ್ತಿಯ ಶಾಲನ್ನು ಬಿಗಿಯಾಗಿ ಎಳೆದುಕೊಂಡರು. ಪುಂಡಲೀಕನಿಗೆ ಬಹಳ ಹಿಂದಿನ ಪ್ರಶ್ನೆ ನೆನಪಾಯಿತು.

"ಮಾಯಿ, ನಿಮ್ಮ ಕಂಬಳಿ ಇದೆ ಅಂದಿದ್ದಿರಿ. ಎಲ್ಲಿದೆ?"

ಮಾಯಿ ಇಳಿಜಾರಿನ ಕಡೆ ಗದ್ದ ಎತ್ತಿ ತೋರಿಸಿದರು.

"ಅಗೋ, ಮೇಯುತ್ತಾ ಇದೆ."